ಏಳು ಸುತ್ತು

ಡಾಲ್ಬಿ ದಾಟಿದ ಮೇಲೆ, ದಿಣ್ಣೆಯ ಸಣ್ಣ ರಸ್ತೆಯ ಪಕ್ಕ
ಮರದ ಬೇಲಿಯೊಳಗೆ ಹುಲ್ಲಿನಲ್ಲಿ ಕೊರೆದ ಏಳು ಸುತ್ತು.
ಎರಡು ಕಾರು ನಿಲ್ಲುವಷ್ಟು ಜಾಗ,
ಹೆಸರು ನೋಡಿದರೆ ಟ್ರಾಯ್ ಪಟ್ಟಣ.
ನಗು ಬಂತು. ಚಿತ್ರದುರ್ಗದವಳು ನಾನು.
ಏಳು ಸುತ್ತಿನ ಕೋಟೆ ಅಂದರೆ ನನಗೆ
ಕಾದ ಬಂಡೆ, ಮೇಷ್ಟರ ಸೀಟಿ, ಡಬ್ಬಿಯೊಳಗೆ ಬೆವೆತ ಚಿತ್ರಾನ್ನ.
ಇಲ್ಲಿಯ ಕೋಟೆ ನನ್ನ ಪಾದದಷ್ಟೇ ಅಗಲ.

ಯಾರ್ಕ್‌ನಿಂದ ಮುಕ್ಕಾಲು ಗಂಟೆ ಬಂದದ್ದು
ಮಾತಾಡದೆ ಇರೋಣ ಅಂತ.
ವಾರವಿಡೀ ಫೋನಿನಲ್ಲಿ ನಾನು ಬೇರೆಯವರ ‘ನಾನು’.
ದುಭಾಷಿಗೆ ನಿಯಮ ಹಾಗೆ:
‘ಅವರು ಹೇಳುತ್ತಿದ್ದಾರೆ’ ಅನ್ನುವಂತಿಲ್ಲ.
ಸೋಮವಾರ ನನಗೆ ಸಕ್ಕರೆ ಕಾಯಿಲೆ.
ಮಂಗಳವಾರ ನಾನು ಬಾಡಿಗೆ ಕಟ್ಟಿಲ್ಲ,
ಅದೇ ಉಸಿರಿನಲ್ಲಿ ಮನೆ ಮಾಲೀಕನೂ ನಾನೇ,
ಬೀಗ ಬದಲಿಸುತ್ತೇನೆ ಅಂತ ಹೆದರಿಸಿದೆ.
ಬುಧವಾರ ನಾನು ಬ್ರಾಡ್‌ಫರ್ಡಿನ ಒಬ್ಬ ಡಾಕ್ಟರು.

ಬಾಯಿಂದ ಒಳಗೆ ಕಾಲಿಟ್ಟರೆ
ಮೊದಲನೆಯ ಸುತ್ತಲ್ಲ, ಸಿಗುವುದು ಮೂರನೆಯದು.
ಅಲ್ಲಿಂದ ಹಿಂದಕ್ಕೆ ಎರಡು, ಒಂದು,
ಮತ್ತೆ ಬೇಲಿಯ ಪಕ್ಕಕ್ಕೇ ತಂದು ಬಿಡುತ್ತದೆ.
ಕವಲಿಲ್ಲ, ಕೇಳುವವರಿಲ್ಲ. ನಡೆದರಾಯಿತು.
ಆಮೇಲೆ ನಾಲ್ಕು. ಅಲ್ಲಿಂದ ಒಮ್ಮೆಲೇ ಏಳು.
ನಡು ಮೊಳ ದೂರ, ಕಾಲು ಚಾಚಿದರೆ ಮುಗಿಯಿತು,
ಅಷ್ಟರಲ್ಲಿ ದಾರಿ ಬೆನ್ನು ತಿರುಗಿಸಿ
ಆರಕ್ಕೆ ಹೊರಡುತ್ತದೆ.

ಡಾಕ್ಟರೂ ಹೀಗೇ ಸುತ್ತಿದ್ದರು.
ಜೊತೆಗೆ ಯಾರಾದರೂ ಬಂದಿದ್ದಾರಾ.
ನೀರು ಬೇಕಾ. ಸ್ವಲ್ಪ ಕೂರುತ್ತೀರಾ.
ಒಂದೊಂದನ್ನೂ ಕನ್ನಡದಲ್ಲಿ ಇಟ್ಟೆ, ಮೆಲ್ಲಗೆ,
ನಡು ಎಲ್ಲಿದೆ ಅಂತ ನನಗೆ ಆಗಲೇ ಗೊತ್ತಿತ್ತು,
ಆಕೆಗೆ ಗೊತ್ತಿರಲಿಲ್ಲ.
ಕೊನೆಗೆ ಅಂದೆ:
ನನಗೆ ಎದೆಬಡಿತ ಕಾಣಿಸುತ್ತಿಲ್ಲ.

ಆಕೆ ಕೇಳಿಸಿಕೊಂಡದ್ದು ನನ್ನ ದನಿಯನ್ನು.
ಇನ್ನು ಹತ್ತು ವರ್ಷಕ್ಕೆ ಆ ವಾಕ್ಯ ನೆನಪಾದರೂ
ದುರ್ಗದ ಎಳೆತದಲ್ಲೇ ನೆನಪಾಗುತ್ತದೆ.

ಐದನೆಯ ಸುತ್ತಿನಲ್ಲಿ ಹುಲ್ಲು ಜಾರುತ್ತದೆ.
‘ಹೆಸರು ಇಟ್ಟಾಗಿದೆ. ಈಗ ಅದನ್ನ ಏನು ಮಾಡೋದು?’
ಇದನ್ನೂ ನಾನೇ ಕೇಳಿದೆ, ಇಂಗ್ಲಿಷಿನಲ್ಲಿ,
ಅಕ್ಷರ ಬಿಡಿಸಿ ಹೆಸರನ್ನೂ ಹೇಳಿದೆ.
ಡಾಕ್ಟರು ಸುಮ್ಮನಾದರು.
ನಾನೂ ಫೋನು ಹಿಡಿದು ಸುಮ್ಮನಿದ್ದೆ,
ಅಷ್ಟೂ ಹೊತ್ತು ಎಲ್ಲೋ ಯಾವುದೋ ಟ್ರಾಲಿಯ ಗಾಲಿ ಕಿರುಗುಟ್ಟುತ್ತಿತ್ತು.
ಬಿಲ್ಲಿನಲ್ಲಿ ಇಪ್ಪತ್ಮೂರು ನಿಮಿಷ ಅಂತ ಬರೆದೆ,
ಆ ಸುಮ್ಮನಿದ್ದದ್ದೂ ಸೇರಿ.
ಗುರುತು ಹಾಕಿಕೊಂಡ ಚೀಟಿಯನ್ನು ಹರಿಯಬೇಕು, ಅದೂ ನಿಯಮ.
ಹರಿದೆ. ಹೆಸರು ಅದರಲ್ಲಿತ್ತು.

ನಡುವಿನಲ್ಲಿ ಎರಡು ಪಾದಕ್ಕೆ ಮಾತ್ರ ಜಾಗ.
ಅಲ್ಲಿ ನಿಂತು ಆ ಹೆಸರನ್ನು ಒಂದು ಸಲ ಅಂದೆ.
ಇಲ್ಲಿ ಬರೆಯುವ ಹಾಗಿಲ್ಲ.

ಬೇಲಿಗೆ ಮೊಣಕೈ ಊರಿ ಒಬ್ಬ ಮುದುಕ, ಜೊತೆಗೊಂದು ಕುಂಟು ನಾಯಿ.
ಹೆಬ್ಬಲ್‌ತ್ವೇಟ್ ಅಂತ ಹೆಸರಂತೆ, ಎರಡು ಸಲ ಹೇಳಿಸಿಕೊಂಡೆ.
‘ಒಂಬತ್ತಕ್ಕಿಂತ ಹೆಚ್ಚು ಸಲ ಸುತ್ತಬೇಡ ತಾಯಿ,
ಒಳ್ಳೇದಲ್ಲ ಅಂತ ನಮ್ಮಜ್ಜಿ ಹೇಳೋಳು.’
ಅವನು ಅಂದದ್ದು ‘ಲವ್’, ಈ ಕಡೆ ಬಸ್ಸಿನವರೂ ಹಾಗೇ ಕರೆಯುತ್ತಾರೆ.
ತಾಯಿ ಅಂತ ಮಾಡಿಕೊಂಡದ್ದು ನಾನು,
ರಜೆಯಲ್ಲೂ ಕೆಲಸ ನಿಂತಿಲ್ಲ ನೋಡಿ.

‘ಏನು, ಎಲ್ಲ ಸರಿಯಾಗಿದೆಯಾ?’ ಅಂದ.
ಬಾಯಿ ತೆರೆದು ಕಾದೆ,
ಯಾರೋ ಉತ್ತರ ಹೇಳುತ್ತಾರೆ,
ಅದನ್ನು ದಾಟಿಸಬೇಕು ಅನ್ನುವ ಹಾಗೆ.
ಯಾರೂ ಹೇಳಲಿಲ್ಲ.
‘ನಾನು,’ ಅಂದೆ. ಸ್ವಲ್ಪ ತಡೆದು,
‘ನನ್ನ ಕಾಲುಚೀಲ ನೆಂದುಹೋಗಿದೆ.’

ಈ ವಾರ ಆಡಿದ ನನ್ನದೇ ಮಾತು ಅದೊಂದು.
ಮಧ್ಯಾಹ್ನದವರೆಗೂ ಇಬ್ಬನಿ ಆರುವುದಿಲ್ಲ ಅಂತ ಅವನು
ಇಡೀ ಹುಲ್ಲಿನ ಪರವಾಗಿ ಕ್ಷಮೆ ಕೇಳಿದ.

ಹಿಂದಿರುಗಿದೆ. ಐದು, ಆರು, ಏಳು. ನಾಲ್ಕು.
ಒಂದರ ತಿರುವಿಗೆ ಬರುವಷ್ಟರಲ್ಲಿ
ಕುಂಟು ನಾಯಿ ಬೇಲಿಯ ಕೆಳಗೆ ನುಸುಳಿ,
ಗೆರೆ ಗಿರೆ ನೋಡದೆ ಅಡ್ಡಡ್ಡ ದಾಟಿ ಬಂದು
ನನ್ನ ಬೂಟು ಮೂಸತೊಡಗಿತು.